ಮಾಸ್ತರು ಬರ್ತಾರ, ನಿಲ್ಲೋದಿಲ್ಲ: ಕಲಬುರಗಿ ಹಳ್ಳಿ ಸಾಲಿಯ ಹೆಡ್‌ಮಾಸ್ತರ ಕುರ್ಚಿಗೆ ನೂರು ವರ್ಷ

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ಕಂತು ಸಾಲಿ ಮಾಸ್ತರ ಬಗ್ಗೆ. ಅದರಲ್ಲೂ ಹೆಡ್‌ಮಾಸ್ತರ ಕುರ್ಚಿಯ ಬಗ್ಗೆ.

ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ ಅನ್ನೋ ಹೆಸರು ಕೇಳಿದವರು ಕಲಬುರಗಿ ಜಿಲ್ಲೆಯ ಹೊರಗೆ ಕಡಿಮೆ. ಹುಮನಾಬಾದ್ ರಸ್ತೆಯಲ್ಲಿ ಸಿಗುವ ಕಿಣ್ಣಿ ಸಡಕ್ ಬೇರೆ, ಇದು ಬೇರೆ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕಿನ ಇಂಥ ಯಾವ ಹಳ್ಳಿಗಾದರೂ ಹೋಗ್ರಿ, ಸಾಲಿ ವಿಷಯ ಬಂದರೆ ಜನ ಕೇಳೋ ಮೊದಲನೇ ಪ್ರಶ್ನೆ ಒಂದೇ: ‘ಈ ಮಾಸ್ತರರೇನು ಇರ್ತಾರೋ, ವರ್ಗಾ ಮಾಡಿಸ್ಕೊಂಡು ಹೋಗ್ತಾರೋ?’ ಪಾಠ ಹ್ಯಾಂಗ ಮಾಡ್ತಾರ ಅನ್ನೋದು ಎರಡನೇ ಪ್ರಶ್ನೆ. ಕಲಿಸುವವರು ನಿಂತರೆ ತಾನೇ ಕಲಿಸುವುದರ ಮಾತು!

ಶಿಕ್ಷಕರು ಹಳ್ಳಿಯಲ್ಲಿ ನಿಲ್ಲೋದಿಲ್ಲ ಅಂದಾಗ ನಾವು ಸಾಮಾನ್ಯವಾಗಿ ಸಂಬಳ, ಬಸ್ಸು, ಮನೆ, ಮಕ್ಕಳ ಓದು ಅಂತ ಕಾರಣ ಎಣಿಸುತ್ತೇವೆ. ಅವೆಲ್ಲ ನಿಜವೇ. ಆದರೆ ಒಂದೇ ರಸ್ತೆ, ಒಂದೇ ಬಸ್ಸು, ಒಂದೇ ಸಂಬಳ ಇರುವ ಅಕ್ಕಪಕ್ಕದ ಎರಡು ಊರುಗಳಲ್ಲಿ ಒಂದು ಸಾಲಿಗೆ ಬಂದ ಶಿಕ್ಷಕರು ಹತ್ತು ವರ್ಷ ಇರುತ್ತಾರೆ, ಇನ್ನೊಂದು ಸಾಲಿಗೆ ಬಂದವರು ಮೊದಲ ಕೌನ್ಸೆಲಿಂಗ್‌ನಲ್ಲೇ ಹೊರಡುತ್ತಾರೆ. ಈ ಭಾಗದಲ್ಲಿ ಓಡಾಡಿದವರಿಗೆ ಇದು ಗೊತ್ತಿರುವ ಸಂಗತಿ. ಈ ವ್ಯತ್ಯಾಸಕ್ಕೆ ಕಾರಣ ಹುಡುಕುತ್ತಾ ಹೋದರೆ ಹೆಡ್‌ಮಾಸ್ತರ ಕೋಣೆಗೆ ಬಂದು ನಿಲ್ಲುತ್ತೇವೆ. ಆ ಕೋಣೆಗೆ ಈ ಸೀಮೆಯಲ್ಲಿ ಒಂದು ಚರಿತ್ರೆ ಇದೆ. ಅದನ್ನ ನೋಡೋಣ.

ನಿಜಾಮರ ಕಾಲದ ಒಂಟಿ ಮಾಸ್ತರ

ಸ್ವಾತಂತ್ರ್ಯಕ್ಕೆ ಮೊದಲು ಕಲಬುರಗಿ ಹೈದರಾಬಾದ್ ಸಂಸ್ಥಾನದ ಭಾಗ. ಕಲಬುರಗಿ ಒಂದು ಸುಬಾ, ಅಂದರೆ ವಿಭಾಗ. ಇವತ್ತು ಮಹಾರಾಷ್ಟ್ರದಲ್ಲಿರುವ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ, ಅದೂ ಇದೇ ಸುಬಾದೊಳಗಿತ್ತು. ಇದನ್ನ ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಭಾಗದ ಬಹಳಷ್ಟು ಹಳ್ಳಿಗಳು ಪೈಗಾ ಮತ್ತು ಜಹಗೀರುಗಳ ಕೈಯಲ್ಲಿದ್ದವು. ಕಂದಾಯ ವಸೂಲಿಗೆ ಇದ್ದ ಆಸಕ್ತಿ ಸಾಲಿ ತೆರೆಯುವುದರಲ್ಲಿ ಇರಲಿಲ್ಲ. ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಬೋಧನೆ ಉರ್ದುವಿನಲ್ಲೇ. ಹೀಗಾಗಿ ಕನ್ನಡ ಮನೆಮಾತಿನ ಹುಡುಗ ಮೇಲೆ ಓದಬೇಕಾದರೆ ಉರ್ದು ಹಾದಿಯಲ್ಲೇ ಹೋಗಬೇಕು. ಅದರ ಪರಿಣಾಮ ಶಿಕ್ಷಕರ ಮೇಲೂ ಆಯಿತು. ಕನ್ನಡದಲ್ಲಿ ಕಲಿಸಬಲ್ಲ, ಸರ್ಕಾರಿ ನೌಕರಿಗೆ ಬೇಕಾದ ಉರ್ದುವೂ ಬಲ್ಲ ಮನುಷ್ಯ ಸಿಗೋದೇ ಕಷ್ಟ. ಸಿಕ್ಕವನು ಕಚೇರಿ ಕೆಲಸಕ್ಕೋ, ಪಟ್ಟಣಕ್ಕೋ ಹೋಗಿಬಿಡುತ್ತಿದ್ದ.

ಹಳ್ಳಿಯಲ್ಲಿ ಉಳಿದದ್ದು ಏನು? ಐಗಳ ಸಾಲಿ. ಗುಡಿ ಕಟ್ಟೆ, ಮಠದ ಪಡಸಾಲೆ, ಗೌಡರ ಮನೆಯ ಮುಂದಿನ ಜಾಗ, ಎಲ್ಲಿ ನೆರಳಿದೆಯೋ ಅಲ್ಲಿ. ಒಬ್ಬನೇ ಮಾಸ್ತರ, ಅವನೇ ಹೆಡ್‌ಮಾಸ್ತರ, ಅವನೇ ಗುಮಾಸ್ತ. ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಜೋಳವೇ ಸಂಬಳ. ಇಂಥ ಮಾಸ್ತರ ಊರು ಬಿಡುವ ಪ್ರಶ್ನೆ ಕಡಿಮೆ, ಯಾಕಂದ್ರೆ ಅವನು ಊರವನೇ, ಊರಿಂದಲೇ ಉಣ್ಣುವವನು. ಆದರೆ ಅವನು ಕಣ್ಮುಚ್ಚಿದರೆ ಸಾಲಿಯೂ ಮುಚ್ಚಿತು. 1920ರ ದಶಕದಲ್ಲಿ ಖಾಸಗಿ ಸಾಲಿಗಳಿಗೆ ಪರವಾನಗಿ ಬೇಕು ಅಂತ ಸಂಸ್ಥಾನ ನಿಯಮ ಮಾಡಿದ ಮೇಲೆ ಇಂಥವು ಇನ್ನೂ ಇಕ್ಕಟ್ಟಿಗೆ ಬಿದ್ದವು.

ಹಿಪ್ಪರಗಾ: ಮುಖ್ಯಸ್ಥನ ಸುತ್ತ ನಿಂತ ಸಾಲಿ

ಈ ಕತ್ತಲೆಯಲ್ಲಿ ಬೇರೆ ಥರದ ಕೆಲವು ಸಾಲಿಗಳು ಹುಟ್ಟಿದವು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಶುರುವಾಯಿತು. ರಾಯಚೂರಿನಲ್ಲಿ 1920ರ ಸುಮಾರಿಗೆ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆ ಕಟ್ಟಿದರು. ಇವು ಪಟ್ಟಣದ ಕಥೆಗಳು. ನಮಗೆ ಬೇಕಾದ ಹಳ್ಳಿಯ ಕಥೆ ಆಳಂದದಿಂದ ಉಮರ್ಗಾ ದಾಟಿ ಲೋಹಾರಾ ಕಡೆ ಹೋದರೆ ಸಿಗುತ್ತದೆ. ಆ ಊರು ಹಿಪ್ಪರಗಾ. ನಮ್ಮ ಆಳಂದ ತಾಲ್ಲೂಕಿನ ಮಾದನ ಹಿಪ್ಪರಗಾ ಅಂತ ತಿಳಕೋಬ್ಯಾಡ್ರಿ, ಇದು ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ.

ಅಸಹಕಾರ ಚಳವಳಿಯ ಬಿಸಿಯಲ್ಲಿ, 1921ರಲ್ಲಿ, ಅಲ್ಲೊಂದು ರಾಷ್ಟ್ರೀಯ ಶಾಲೆ ಶುರುವಾಯಿತು. 1929ರಲ್ಲಿ ಆ ಶಾಲೆಗೆ ಒಬ್ಬ ಯುವಕ ಬಂದ. ಹೆಸರು ವೆಂಕಟೇಶ ಭಗವಾನರಾವ್ ಖೇಡಗೀಕರ್. ಹುಟ್ಟಿದ್ದು 1903ರಲ್ಲಿ, ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಪುಣೆಯಲ್ಲಿ ಓದಿ, ಕಾರ್ಮಿಕ ನಾಯಕ ಎನ್.ಎಂ. ಜೋಶಿಯವರ ಜೊತೆ ಕೆಲಸ ಮಾಡಿ ಬಂದವನು. ಸಂನ್ಯಾಸ ತೆಗೆದುಕೊಂಡ ಮೇಲೆ ಅವನ ಹೆಸರು ಸ್ವಾಮಿ ರಮಾನಂದ ತೀರ್ಥ. ಹೌದು, ಹೈದರಾಬಾದ್ ವಿಮೋಚನಾ ಹೋರಾಟದ ಅದೇ ಸ್ವಾಮೀಜಿ. 1952ರ ಮೊದಲ ಲೋಕಸಭೆಗೆ ಕಲಬುರಗಿಯಿಂದ ಆರಿಸಿ ಹೋದವರೂ ಇವರೇ.

ಹೋರಾಟಗಾರ ರಮಾನಂದರನ್ನ ಎಲ್ಲರೂ ನೆನೆಯುತ್ತಾರೆ. ನನಗೆ ಇಲ್ಲಿ ಬೇಕಾದವರು ಹೆಡ್‌ಮಾಸ್ತರ ರಮಾನಂದರು. ಸರ್ಕಾರದ ಸಾಲಿಗಳಿಂದ ಹೊರಗೆ ನಿಂತ ಒಂದು ರಾಷ್ಟ್ರೀಯ ಶಾಲೆಯಲ್ಲಿ ಕೆಲಸ ಮಾಡುವವನಿಗೆ ಏನು ಸಿಗಬಹುದು? ಪಿಂಚಣಿ ಇಲ್ಲ, ಬಡ್ತಿ ಇಲ್ಲ, ಸರ್ಕಾರದ ಕಣ್ಣು ಮಾತ್ರ ಮೇಲೆ. ಆದರೂ ಕಲಿತ ಜನ ಬಂದು ನಿಂತರು. ಮುಖ್ಯಸ್ಥನೇ ಸಂಸಾರ ಬಿಟ್ಟು ಸಾಲಿಯನ್ನೇ ಮನೆ ಮಾಡಿಕೊಂಡಾಗ, ಜೊತೆಗಿದ್ದವರಿಗೆ ‘ಇಲ್ಲಿ ನನ್ನ ಕೆಲಸಕ್ಕೆ ಅರ್ಥ ಇದೆ’ ಅನ್ನಿಸಿರಬೇಕು. 1935ರಲ್ಲಿ ಸ್ವಾಮೀಜಿ ಮೊಮಿನಾಬಾದಿನ, ಅಂದರೆ ಇವತ್ತಿನ ಅಂಬಾಜೋಗಾಯಿಯ, ಯೋಗೇಶ್ವರಿ ಶಾಲೆಗೆ ಹೋದರು. ಹಿಪ್ಪರಗಾದಲ್ಲಿ ಜೊತೆಗಿದ್ದ ಬಾಬಾಸಾಹೇಬ ಪರಾಂಜಪೆ ಅಲ್ಲೂ ಅವರ ಸಂಗಡಿಗರಾದರು.

ಒಳ್ಳೆಯ ಮುಖ್ಯಸ್ಥನ ಶಕ್ತಿ ಇಲ್ಲಿ ಕಾಣುತ್ತದೆ. ಅಪಾಯವೂ ಇಲ್ಲೇ ಕಾಣುತ್ತದೆ. ಶಿಕ್ಷಕರನ್ನು ಕಟ್ಟಿ ಹಾಕಿದ್ದು ಒಬ್ಬ ಮನುಷ್ಯ. ಆ ಮನುಷ್ಯ ಊರು ಬದಲಿಸಿದರೆ ಅವನನ್ನ ನಂಬಿದವರೂ ಬದಲಿಸುತ್ತಾರೆ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ ಮೇಲೆ ನಿಷೇಧ ಬಿದ್ದು ಸತ್ಯಾಗ್ರಹ ಶುರುವಾದಾಗ ಸ್ವಾಮೀಜಿ ಸಾಲಿ ಬಿಟ್ಟು ಜೈಲಿಗೆ ಹೋದರು. ದೇಶಕ್ಕೆ ಲಾಭವಾಯಿತು, ಸಾಲಿಗೆ ಹೆಡ್‌ಮಾಸ್ತರ ಹೋದರು.

ಭಾಲ್ಕಿಯ ಬೋರ್ಡು

ಇದರ ಪಕ್ಕಕ್ಕೆ ಬೀದರ್ ಜಿಲ್ಲೆಯ ಇನ್ನೊಂದು ಹೆಸರು ಇಡಬೇಕು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಸ್ವಾಮಿಗಳು ಅಂದರೆ ಈ ಭಾಗದಲ್ಲಿ ಸಣ್ಣ ಹುಡುಗರಿಗೂ ಗೊತ್ತು. ಕಮಲನಗರ ಮತ್ತು ಭಾಲ್ಕಿಯಲ್ಲಿ ಅವರು ಕಟ್ಟಿದ ಸಾಲಿಗಳಿಗೆ ಮಠದ ಉತ್ಪನ್ನ ಹೋಯಿತು, ಸಾಲದ್ದಕ್ಕೆ ಜೋಳಿಗೆ ಹಿಡಿದದ್ದೂ ಆಯಿತು. ನೂರು ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು.

ಬೋರ್ಡಿನ ಕಥೆ ಕೇಳಿದಾಗಲೆಲ್ಲ ನಾವು ಭಾಷಾಭಿಮಾನದ ಬಗ್ಗೆ ಮಾತಾಡುತ್ತೇವೆ. ಅಲ್ಲಿ ಆಡಳಿತದ ಪಾಠವೊಂದೂ ಇದೆ ನೋಡ್ರಿ. ಇನ್‌ಸ್ಪೆಕ್ಟರ್ ಬಂದರೆ ಉತ್ತರ ಕೊಡಬೇಕಾದವರು ಸ್ವಾಮಿಗಳು, ತೊಂದರೆಯ ಹೊಣೆ ಅವರ ಹೆಗಲ ಮೇಲೆ. ಒಳಗೆ ಪಾಠ ಮಾಡುವ ಮಾಸ್ತರನಿಗೆ ಪಾಠ ಮಾಡುವುದಷ್ಟೇ ಕೆಲಸ. ಮೇಲಿನವರ ಒತ್ತಡ ತರಗತಿಯ ಬಾಗಿಲು ದಾಟದ ಹಾಗೆ ನೋಡಿಕೊಳ್ಳುವವನು ಹೆಡ್‌ಮಾಸ್ತರ. ಇವತ್ತಿನ ಯಾವುದೇ ಶಿಕ್ಷಕರನ್ನು ಕೇಳ್ರಿ, ಒಳ್ಳೆಯ ಹೆಡ್‌ಮಾಸ್ತರ ಅಂದರೆ ಯಾರು ಅಂತ. ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ಮಠಕ್ಕೆ ಇನ್ನೊಂದು ಅನುಕೂಲವಿತ್ತು. ವ್ಯಕ್ತಿ ಹೋದರೂ ಪೀಠ ಉಳಿಯುತ್ತದೆ. ಪಟ್ಟದ್ದೇವರ ಸಂಸ್ಥೆ ಅವರ ನಂತರವೂ ನಡೆದಿದೆ. ಹಿಪ್ಪರಗಾಕ್ಕೂ ಭಾಲ್ಕಿಗೂ ಇರುವ ಈ ಫರಕು ಮುಂದೆ ಉಪಯೋಗಕ್ಕೆ ಬರುತ್ತದೆ.

1956ರ ನಂತರ: ‘ಅಲ್ಲಿಗೆ ಹಾಕಿಬಿಡ್ತೀನಿ’

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ಕ್ಕೆ ಕಲಬುರಗಿ, ರಾಯಚೂರು, ಬೀದರ್ ಮೈಸೂರು ರಾಜ್ಯಕ್ಕೆ ಬಂದವು, ಉಸ್ಮಾನಾಬಾದ್ ಮುಂಬೈ ರಾಜ್ಯಕ್ಕೆ ಹೋಯಿತು. ಹಿಪ್ಪರಗಾ ನಮ್ಮ ನಕ್ಷೆಯಿಂದಲೇ ಆಚೆ ಹೋಯಿತು.

ಸಾಲಿಗಳು ಹೆಚ್ಚಿದವು, ಸಂಬಳ ಖಜಾನೆಯಿಂದ ಬಂತು, ಕನ್ನಡ ಪಾಠ ರಾಜಾರೋಷವಾಗಿ ನಡೆಯಿತು. ಇದು ಸಣ್ಣ ಸಾಧನೆ ಅಲ್ಲ. ಆದರೆ ಶಿಕ್ಷಕ ಈಗ ಊರಿನವನಲ್ಲ, ಇಲಾಖೆಯವನು. ಇಲಾಖೆಯ ಭಾಷೆಯಲ್ಲಿ ಕಲಬುರಗಿಗೆ ಒಂದು ಅರ್ಥ ಬಂತು. ತಪ್ಪು ಮಾಡಿದ ನೌಕರನಿಗೆ ‘ಗುಲ್ಬರ್ಗಕ್ಕೆ ಹಾಕಿಬಿಡ್ತೀನಿ’ ಅನ್ನೋ ಬೆದರಿಕೆ. ಬಿಸಿಲು, ನೀರಿನ ಕೊರತೆ, ದೂರ, ಎಲ್ಲ ಸೇರಿ ಇದು ಶಿಕ್ಷೆಯ ಜಾಗ ಅನ್ನಿಸಿಕೊಂಡಿತು. ಶಿಕ್ಷೆ ಅಂತ ಬಂದವನು ಬಂದ ದಿನದಿಂದಲೇ ಹೋಗುವ ದಿನ ಎಣಿಸುತ್ತಾನೆ. ಅವನ ಮುಂದೆ ಕೂತ ಮಕ್ಕಳಿಗೆ ಅದು ತಿಳಿಯದೇ ಇರುತ್ತದಾ?

2002ರಲ್ಲಿ ಬಂದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ ಅತ್ಯಂತ ಹಿಂದುಳಿದವು 39. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರೊಳಗೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದರೆ ಕಲಬುರಗಿ ಜಿಲ್ಲೆಯದು ಶೇ 64.85. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲು, ಕಲಬುರಗಿ ಶೇ 42.43ರೊಂದಿಗೆ ಕೊನೆ. ಶಿಕ್ಷಕರು ನಿಲ್ಲದ್ದು ಒಂದೇ ಇದಕ್ಕೆ ಕಾರಣ ಅಂತ ನಾನು ಹೇಳೋದಿಲ್ಲ. ಆದರೆ ಎಂಟನೇ ತರಗತಿಯಲ್ಲಿ ಗಣಿತ ಶುರು ಮಾಡಿದ ಮಾಸ್ತರ ಹತ್ತನೇ ತರಗತಿ ಹೊತ್ತಿಗೆ ಇಲ್ಲದಿದ್ದರೆ ಆ ಮಗುವಿನ ಗಣಿತ ಏನಾಗಬೇಕು ಹೇಳ್ರಿ.

ಕಾನೂನು ಏನು ಮಾಡಿತು?

ಸರ್ಕಾರಗಳು ಕೈ ಕಟ್ಟಿ ಕೂತಿರಲಿಲ್ಲ. 2007ರಲ್ಲಿ ಶಿಕ್ಷಕರ ವರ್ಗಾವಣೆ ನಿಯಂತ್ರಣಕ್ಕೇ ಒಂದು ಕಾಯ್ದೆ ಬಂತು. ಮಂತ್ರಿ, ಶಾಸಕರ ಚೀಟಿ ಹಿಡಿದು ಓಡಾಡುವ ಬದಲು ಕೌನ್ಸೆಲಿಂಗ್. 2020ರಲ್ಲಿ ಹೊಸ ಕಾಯ್ದೆ. ಎ, ಬಿ, ಸಿ ಅಂತ ವಲಯಗಳು. ಪೇಟೆಯ ಸಾಲಿ ಎ, ದೂರದ ಹಳ್ಳಿ ಸಿ. ಖಾಲಿ ಹುದ್ದೆ ಒಂದು ಮಿತಿ ದಾಟಿದ ತಾಲ್ಲೂಕಿನಿಂದ ಶಿಕ್ಷಕರನ್ನು ಹೊರಗೆ ಬಿಡಬಾರದು ಅನ್ನೋ ಷರತ್ತೂ ಬಂತು.

ಅದಕ್ಕೂ ಮೊದಲು ಸಂವಿಧಾನದ 371(ಜೆ) ಬಂದಿತ್ತು. 98ನೇ ತಿದ್ದುಪಡಿಯ ಮೂಲಕ ಸಿಕ್ಕ ಈ ವಿಶೇಷ ಸ್ಥಾನಮಾನದಿಂದ 2013ರ ನಂತರ ಸ್ಥಳೀಯ ವೃಂದ ರಚನೆಯಾಗಿ, ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಈ ಭಾಗದವರಿಗೇ ಮೀಸಲಾದವು. ಇದರ ಲಾಭ ಕಣ್ಣಿಗೆ ಕಾಣುತ್ತದೆ. ಈಗ ಬರುವ ಶಿಕ್ಷಕರು ಬಹುತೇಕ ನಮ್ಮ ಕಡೆಯವರೇ, ಮಕ್ಕಳ ಮಾತು ಅರ್ಥವಾಗುವವರೇ.

ಆದರೂ ಪ್ರಶ್ನೆ ಪೂರ್ತಿ ಮುಗಿದಿಲ್ಲ. 371(ಜೆ) ಶಿಕ್ಷಕರನ್ನು ಕಲ್ಯಾಣ ಕರ್ನಾಟಕದೊಳಗೆ ನಿಲ್ಲಿಸಿತು. ಹಳ್ಳಿಯೊಳಗೆ ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಕಲಬುರಗಿಯಲ್ಲಿ ಮನೆ ಮಾಡಿ, ಮುಂಜಾನೆ ಬಸ್ಸಿಗೆ ಆಳಂದ ಕಡೆ ಬಂದು, ಸಂಜೆ ಬಸ್ಸಿಗೆ ವಾಪಸ್ ಹೋಗೋದು ರೂಢಿಯಾಯಿತು. ಸಿ ವಲಯದಿಂದ ಬಿಗೆ, ಬಿಯಿಂದ ಎಗೆ ಅನ್ನೋದೇ ವೃತ್ತಿಯ ಏಣಿ. ಬಿಡಬಾರದು ಅನ್ನೋ ಷರತ್ತು ದೇಹವನ್ನು ಹಿಡಿದಿಟ್ಟೀತು, ಮನಸ್ಸು ಹೋಗಿಬಿಟ್ಟಿದ್ದರೆ ಏನು ಮಾಡೋದು? ಹಿಡಿದಿಟ್ಟ ಶಿಕ್ಷಕ ಮತ್ತು ನಿಂತ ಶಿಕ್ಷಕ, ಇಬ್ಬರೂ ಹಾಜರಿ ಪುಸ್ತಕದಲ್ಲಿ ಒಂದೇ ಥರ ಕಾಣುತ್ತಾರೆ.

ಹೆಡ್‌ಮಾಸ್ತರ ಕೈಯಲ್ಲಿ ಏನಿದೆ?

ಹೊರದೇಶದ ಅಧ್ಯಯನಗಳನ್ನ ಇಲ್ಲಿ ನೆನೆಯಬೇಕು. ಅಮೆರಿಕದ ರಿಚರ್ಡ್ ಇಂಗರ್ಸಾಲ್ 2001ರಲ್ಲಿ ಪ್ರಕಟಿಸಿದ ಅಧ್ಯಯನ, ಶಿಕ್ಷಕರ ಕೊರತೆಗೆ ನಿವೃತ್ತಿಗಿಂತ ಕೆಲಸ ಬಿಟ್ಟು ಹೋಗುವುದೇ ದೊಡ್ಡ ಕಾರಣ ಎಂದು ತೋರಿಸಿತು. ಬಿಡಲು ಕೊಟ್ಟ ಕಾರಣಗಳಲ್ಲಿ ಕಡಿಮೆ ಸಂಬಳದ ಜೊತೆಗೆ ಶಾಲೆಯ ಆಡಳಿತದಿಂದ ಬೆಂಬಲ ಸಿಗದಿರುವುದೂ ಇತ್ತು. 2011ರಲ್ಲಿ ನ್ಯೂಯಾರ್ಕ್ ನಗರದ ಶಿಕ್ಷಕರ ಮೇಲೆ ನಡೆದ ಅಧ್ಯಯನದಲ್ಲಿ, ಇರಬೇಕೋ ಹೋಗಬೇಕೋ ಎಂಬ ತೀರ್ಮಾನದ ಮೇಲೆ ಎಲ್ಲಕ್ಕಿಂತ ಹೆಚ್ಚು ಪ್ರಭಾವ ಬೀರಿದ್ದು ಮುಖ್ಯೋಪಾಧ್ಯಾಯರ ಬಗೆಗಿನ ಅಭಿಪ್ರಾಯ. ನ್ಯೂಯಾರ್ಕ್ ಎಲ್ಲಿ, ಆಳಂದ ಎಲ್ಲಿ ಅನ್ನಬಹುದು. ಅಲ್ಲಿ ಮುಖ್ಯೋಪಾಧ್ಯಾಯರಿಗೆ ನೇಮಕದಲ್ಲೂ ಮಾತು ನಡೆಯುತ್ತದೆ. ನಮ್ಮಲ್ಲಿ ಸರ್ಕಾರಿ ಸಾಲಿಯ ಹೆಡ್‌ಮಾಸ್ತರ ಯಾರನ್ನೂ ಆರಿಸೋ ಹಾಗಿಲ್ಲ, ತೆಗೆಯೋ ಹಾಗಿಲ್ಲ, ಸಂಬಳ ಹೆಚ್ಚಿಸೋ ಹಾಗಿಲ್ಲ.

ಹಾಗಾದರೆ ಅವರ ಕೈಯಲ್ಲಿ ಏನಿದೆ? ಸಣ್ಣ ಸಣ್ಣ ಸಂಗತಿಗಳಿವೆ, ಮತ್ತೆ ಅವೇ ದೊಡ್ಡವು.

ವೇಳಾಪಟ್ಟಿ ಇದೆ. ಹೊಸದಾಗಿ ಬಂದ ಶಿಕ್ಷಕಿಗೆ ಯಾರಿಗೂ ಬೇಡವಾದ ತರಗತಿಗಳನ್ನೆಲ್ಲ ಕಟ್ಟುತ್ತಾರಾ, ಅಥವಾ ಹಿರಿಯರ ಜೊತೆ ಕೂಡಿಸಿ ಕೆಲಸ ಕಲಿಸುತ್ತಾರಾ? ರಜೆ ಇದೆ. ಮನೆಯಲ್ಲಿ ಮಗುವಿಗೆ ಜ್ವರ ಅಂದಾಗ ಅನುಮಾನದಿಂದ ನೋಡುತ್ತಾರಾ, ಅಥವಾ ‘ಹೋಗಿ ಬರ್ರಿ ಬಾಯಾರ, ನಾ ನೋಡ್ಕೋತೀನಿ’ ಅನ್ನುತ್ತಾರಾ? ಶೌಚಾಲಯದ ಬೀಗದ ಕೈ, ಅದರಲ್ಲಿ ನೀರು. ನಗೋ ಮಾತಲ್ಲ ಇದು, ಶಿಕ್ಷಕಿಯರು ಹಳ್ಳಿ ಸಾಲಿ ಬಿಡಲು ಹುಡುಕುವ ಕಾರಣಗಳಲ್ಲಿ ಬಾಯಿಬಿಟ್ಟು ಹೇಳದ ಕಾರಣ ಇದು. ಊರವರ ಜೊತೆ ಜಗಳವಾದಾಗ ಯಾರ ಬೆನ್ನಿಗೆ ನಿಲ್ಲುತ್ತಾರೆ ಅನ್ನೋದಂತೂ ಎಲ್ಲರೂ ನೆನಪಿಡುವ ಸಂಗತಿ. 2001ರಲ್ಲಿ ಎಸ್‌ಡಿಎಂಸಿಗಳು ಬಂದ ಮೇಲೆ ಪಾಲಕರು ಅಧ್ಯಕ್ಷರು, ಹೆಡ್‌ಮಾಸ್ತರು ಕಾರ್ಯದರ್ಶಿ. ಆ ಸಭೆಯಲ್ಲಿ ಹೆಡ್‌ಮಾಸ್ತರ ಮಾತು ನಡೆದರೆ ಊರಲ್ಲಿ ಶಿಕ್ಷಕಿಗೊಂದು ಬಾಡಿಗೆ ಮನೆಯೂ ಸಿಗುತ್ತದೆ, ಮರ್ಯಾದೆಯೂ ಸಿಗುತ್ತದೆ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯೋದಿಲ್ಲ. ಹುದ್ದೆಗಳ ಸಂಖ್ಯೆ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ದಾಖಲಾತಿ ಇಳಿದರೆ ಶಿಕ್ಷಕ ‘ಹೆಚ್ಚುವರಿ’ ಆಗುತ್ತಾನೆ, ಇರಬೇಕು ಅಂದರೂ ಇರೋ ಹಾಗಿಲ್ಲ. ಆಳಂದ, ಅಫಜಲಪುರದ ಎಷ್ಟೋ ಮನೆಯವರು ದುಡಿಯಲು ಸೋಲಾಪುರ, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ, ಮಕ್ಕಳೂ ಜೊತೆಗೇ. ಗುಳೆ ಹೋಗುವ ಮೊದಲೇ ಮನೆಮನೆಗೆ ಹೋಗಿ, ಅಜ್ಜಿ ಹತ್ತಿರವೋ ಹಾಸ್ಟೆಲ್‌ನಲ್ಲೋ ಮಗುವನ್ನು ಬಿಟ್ಟು ಹೋಗುವಂತೆ ಒಪ್ಪಿಸುವ ಹೆಡ್‌ಮಾಸ್ತರ ಮಕ್ಕಳನ್ನೂ ಉಳಿಸುತ್ತಾರೆ, ಆ ಮೂಲಕ ಶಿಕ್ಷಕರ ಹುದ್ದೆಯನ್ನೂ ಉಳಿಸುತ್ತಾರೆ.

ಕುರ್ಚಿಯೇ ಖಾಲಿ ಇದ್ದರೆ?

ಈಗ ಕಷ್ಟದ ಭಾಗ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಶುರುವಾದದ್ದು ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ, ಅದರಲ್ಲಿ ಕಲಬುರಗಿಯೂ ಒಂದು. ಮಕ್ಕಳ ಹೊಟ್ಟೆ ತುಂಬಿತು, ಒಳ್ಳೆಯದಾಯಿತು. ಹೆಡ್‌ಮಾಸ್ತರ ಕೈಗೆ ಅಕ್ಕಿ, ಬೇಳೆ, ಸಿಲಿಂಡರಿನ ಲೆಕ್ಕ ಬಂತು. 2013ರಿಂದ ಕ್ಷೀರಭಾಗ್ಯ, ಆಮೇಲೆ ಮೊಟ್ಟೆ. ಜೊತೆಗೆ ಆನ್‌ಲೈನ್ ಮಾಹಿತಿ, ಚುನಾವಣೆ ಕೆಲಸ, ಗಣತಿ, ಸಮೀಕ್ಷೆ. ನೆಟ್‌ವರ್ಕ್ ಸಿಗದ ಊರಲ್ಲಿ ಪೋರ್ಟಲ್ ತುಂಬಬೇಕಾದರೆ ಸಾಲಿ ಬಿಟ್ಟು ಹೋಗಲೇಬೇಕು. 2005ರಲ್ಲಿ ಮೈಕೆಲ್ ಕ್ರೆಮರ್ ಮತ್ತು ಕಾರ್ತಿಕ್ ಮುರಳೀಧರನ್ ಸೇರಿದಂತೆ ಹಲವರು 20 ರಾಜ್ಯಗಳ 3,700 ಸಾಲಿಗಳನ್ನು ನೋಡಿ ಬರೆದ ವರದಿಯಲ್ಲಿ, ನಾಲ್ವರಲ್ಲಿ ಒಬ್ಬ ಶಿಕ್ಷಕ ಸಾಲಿಯಲ್ಲಿ ಇರಲಿಲ್ಲ ಅನ್ನೋ ಅಂಕಿ ದೊಡ್ಡ ಸುದ್ದಿಯಾಯಿತು. ಅದೇ ವರದಿಯ ಇನ್ನೊಂದು ಮಾತು ಸುದ್ದಿಯಾಗಲಿಲ್ಲ: ಮುಖ್ಯ ಶಿಕ್ಷಕರ ಗೈರುಹಾಜರಿ ಉಳಿದವರಿಗಿಂತ ಹೆಚ್ಚು. 2017ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ 6 ರಾಜ್ಯಗಳ 619 ಸಾಲಿಗಳಲ್ಲಿ ನೋಡಿದಾಗ, ಕಾರಣವಿಲ್ಲದೆ ತಪ್ಪಿಸಿಕೊಂಡ ಶಿಕ್ಷಕರು ಶೇ 2.5 ಮಾತ್ರ. ಎರಡನ್ನೂ ಕೂಡಿಸಿ ಓದಿದರೆ, ಜಾಗದಲ್ಲಿ ಇಲ್ಲದವರೆಲ್ಲ ಮೈಗಳ್ಳರಲ್ಲ, ಬಹಳ ಜನ ಇಲಾಖೆಯದೇ ಕೆಲಸಕ್ಕೆ ಹೋದವರು ಅಂತ ತಿಳಿಯುತ್ತದೆ.

ಅದಕ್ಕಿಂತ ದೊಡ್ಡ ಸಮಸ್ಯೆ ‘ಪ್ರಭಾರ’. ಬಡ್ತಿ ತಡವಾಗಿ, ಎಷ್ಟೋ ಕಡೆ ಹಿರಿಯ ಸಹ ಶಿಕ್ಷಕರಿಗೇ ಹೆಡ್‌ಮಾಸ್ತರ ಪ್ರಭಾರ ಹೊರಿಸುತ್ತಾರೆ. ಅವರಿಗೆ ತಮ್ಮ ತರಗತಿಯೂ ಇದೆ, ಲೆಕ್ಕವೂ ಇದೆ, ಅಧಿಕಾರ ಮಾತ್ರ ಅರ್ಧ. ಸೇವೆಯ ಕೊನೆಯ ಎರಡು ಮೂರು ವರ್ಷದಲ್ಲಿ ಬಡ್ತಿ ಪಡೆದು ಬಂದವರಿಗೆ ಸಾಲಿ ಅರ್ಥವಾಗುವ ಹೊತ್ತಿಗೆ ನಿವೃತ್ತಿಯ ಶಾಲು. ಶಿಕ್ಷಕರು ಯಾಕ ನಿಲ್ಲಲ್ಲ ಅಂತ ಕೇಳುವ ನಾವು, ಅವರನ್ನ ನಿಲ್ಲಿಸಬೇಕಾದವರೇ ನಿಲ್ಲದ ವ್ಯವಸ್ಥೆ ಮಾಡಿಟ್ಟಿದ್ದೇವೆ. ಮನೆ ಯಜಮಾನನೇ ಬಾಡಿಗೆದಾರನಾದರೆ ಉಳಿದವರು ಗಂಟು ಬಿಚ್ಚುತ್ತಾರಾ?

ಹಿಪ್ಪರಗಾ ಮತ್ತು ಭಾಲ್ಕಿಯ ಫರಕು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಪ್ರತಿ ಹಳ್ಳಿಗೂ ಒಬ್ಬ ರಮಾನಂದ ತೀರ್ಥರನ್ನು ಕೊಡಲು ಯಾವ ಸರ್ಕಾರಕ್ಕೂ ಆಗೋದಿಲ್ಲ. ಸಂಸಾರ ಇರುವ ಶಿಕ್ಷಕರಿಂದ ಸಂನ್ಯಾಸ ಕೇಳುವುದು ನ್ಯಾಯವೂ ಅಲ್ಲ. ಆದರೆ ಪೀಠವನ್ನು ಗಟ್ಟಿ ಮಾಡಲು ಆಗುತ್ತದೆ. ಕಾಯಂ ಮುಖ್ಯ ಶಿಕ್ಷಕರು, ಕನಿಷ್ಠ ಐದು ವರ್ಷ ಅದೇ ಸಾಲಿಯಲ್ಲಿ. ದಾಸೋಹ ಮತ್ತು ಪೋರ್ಟಲ್ ಲೆಕ್ಕಕ್ಕೆ ಎರಡು ಮೂರು ಸಾಲಿಗೊಬ್ಬ ಗುಮಾಸ್ತ. ಮುಖ್ಯ ಶಿಕ್ಷಕರ ಕೆಲಸ ಅಳೆಯುವಾಗ ಫಲಿತಾಂಶದ ಜೊತೆಗೆ, ಅವರ ಸಾಲಿಗೆ ಬಂದ ಶಿಕ್ಷಕರಲ್ಲಿ ಎಷ್ಟು ಜನ ಉಳಿದರು ಅನ್ನೋ ಲೆಕ್ಕ. ಈ ಮೂರಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಸಾಲಿ ಕೋಣೆಗಳಿಗೆ ಹೋಗುತ್ತಿದೆ, ಹೋಗಲಿ. ಆ ಕೋಣೆಗಳಲ್ಲಿ ನಿಲ್ಲುವ ಮನುಷ್ಯರಿಗೂ ಸ್ವಲ್ಪ ಖರ್ಚಾಗಲಿ ಅನ್ನೋದು ನನ್ನ ಮಾತು.

ನಿಮ್ಮ ಊರಿನ ಸಾಲಿಯಲ್ಲಿ ಹತ್ತು ವರ್ಷದಿಂದ ಇರುವ ಮಾಸ್ತರು, ಬಾಯಾರು ಇದ್ದರೆ ಒಮ್ಮೆ ಕೇಳಿ ನೋಡ್ರಿ, ಯಾಕ ಉಳಿದ್ರಿ ಅಂತ. ಅವರ ಉತ್ತರದಲ್ಲಿ ಯಾವ ಹೆಡ್‌ಮಾಸ್ತರ ಹೆಸರು ಬರುತ್ತದೆ ಅಂತ ಗಮನಿಸ್ರಿ. ಆ ಉತ್ತರ ನಮಗೂ ಬರೆದು ಕಳಿಸಿದರೆ ಮುಂದಿನ ಕಂತುಗಳಲ್ಲಿ ಮಾತಾಡೋಣ.